ಗೇಟಿನ ಹೊರಗಿನ ನಲ್ಲಿ

ಪೆರಂಬೂರಿನ ಶಾಲೆಯೊಂದರಲ್ಲಿ ಲೈಬ್ರರಿಯನ್ ಆಗಿ ನಿವೃತ್ತರಾದ ಜ್ಯೋತಿಯವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಆ ಭಾನುವಾರ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಸೇರಿದ್ದ ಕನ್ನಡ ಓದುಗರ ಕೂಟಕ್ಕೆ ಅದು ಗೊತ್ತಿರಲಿಲ್ಲ.

ಕೃತಜ್ಞತೆ, ಔದಾರ್ಯದ ಬಗ್ಗೆ ಏನು ಓದಬೇಕು, ನೀವೇ ಆರಿಸಿಕೊಡಿ ಎಂದು ಕೂಟದವರು ಕೇಳಿದ್ದರು. ಜ್ಯೋತಿ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಕೆಳಗಿಳಿದಾಗ ಗೇಟಿನ ಹತ್ತಿರ ಇಸ್ತ್ರಿ ಬಂಡಿಯ ಬೋರಮ್ಮ ಖಾಲಿ ಕೊಡ ಹಿಡಿದು ನಿಂತಿದ್ದಳು. ಗೋಡೆಯ ಹೊರಬದಿಯ ನಲ್ಲಿಗೆ ಬೀಗ ಬಿದ್ದಿತ್ತು.

ಚಾಮರಾಜನಗರದ ಕಡೆಯ ಬೋರಮ್ಮ ಈ ಕಟ್ಟಡ ಏಳುವ ಮೊದಲಿನಿಂದಲೂ ಅಲ್ಲೇ ಹೊಂಗೆ ಮರದಡಿ ಬಂಡಿ ನಿಲ್ಲಿಸುವವಳು. ಆಗ ಅದು ಬೀದಿಯ ನಲ್ಲಿ. ಕಟ್ಟಿಸಿದವರು ಅದನ್ನು ತಮ್ಮ ಕಾಂಪೌಂಡ್ ಗೋಡೆಗೆ ಸೇರಿಸಿಕೊಂಡಿದ್ದರು. ಬಟ್ಟೆಗೆ ಚಿಮುಕಿಸಲೂ ಕುಡಿಯಲೂ ಅವಳಿಗೆ ಬೇರೆ ನೀರಿಲ್ಲ.

"ನೀರು ಪೋಲಾಯ್ತದಂತೆ ಕಣವ್ವ. ಸೆಕ್ರೆಟರಿ ಅಯ್ನೋರು ಬೀಗ ಹಾಕ್ಸವ್ರೆ. ಅವ್ರ ಅಂಗಿನೇ ಇಸ್ತ್ರಿಗೆ ಬಿದ್ದದೆ, ವಸಿ ನೀರಿದ್ರೆ ಮುಗ್ಸ್ಬುಡ್ತಿದ್ದೆ."

ಹಾಲ್‌ನೊಳಗೆ ನಿವಾಸಿಗಳ ಸಂಘದ ಆ ಸೆಕ್ರೆಟರಿ ಶಿವರಂಜನ್ ಅವರೇ ಮಾತಾಡುತ್ತಿದ್ದರು. "ಬೆಳಗ್ಗೆ ಎದ್ದು ನಲ್ಲಿ ತಿರುಗಿಸಿದ ಕೂಡ್ಲೇ ಥ್ಯಾಂಕ್ಸ್ ಹೇಳ್ತೀನಿ. ಮನಸ್ಸಿಗೆ ಎಷ್ಟು ನೆಮ್ಮದಿ ಗೊತ್ತಾ?" ಚಪ್ಪಾಳೆ ಬಿತ್ತು.

ಜ್ಯೋತಿ ಚೀಲ ಬಿಚ್ಚಲೇ ಇಲ್ಲ. "ಯಾರಿಗೆ ಹೇಳ್ತೀರಿ?"

"ದೇವರಿಗೆ ಮೇಡಂ."

"ಹೊರಗಡೆ ಬೀಗ ಹಾಕಿದ್ದೂ ದೇವರೇನಾ?"

"ಅದು ಕಮಿಟಿ ಡಿಸಿಷನ್. ಬೇಸಿಗೇಲಿ ತಣ್ಣಿ ಲಾರಿ, ಅದೇ ನೀರಿನ ಟ್ಯಾಂಕರ್, ಸಿಗೋದೇ ಕಷ್ಟ. ಪುಸ್ತಕದ ಮೀಟಿಂಗಲ್ಲಿ ಅದ್ಯಾಕೆ?"

"ನಿಮ್ಮ ಕಾರು ತೊಳೆಯೋಕೆ ನೀರಿದೆ. ನಿಮ್ಮ ಅಂಗಿಗೆ ಇಸ್ತ್ರಿ ಹಾಕೋಳ ಗಂಟಲಿಗೆ ಇಲ್ವಾ? ಮೊದಲು ಬೀಗ ತೆಗೀರಿ, ಆಮೇಲೆ ಓದೋಣ."

ಜ್ಯೋತಿ ಎದ್ದು ಹೊರಟರು.

ಮರುದಿನ ತಮ್ಮ ಮನೆಯ ಸ್ಟೀಲ್ ಡ್ರಮ್ಮಿಗೆ ನೀರು ತುಂಬಿ ಗೇಟಿನ ಹೊರಗಿಟ್ಟರು. ವಾಚ್‌ಮನ್ ಒಳಗೆ ತಂದಿಟ್ಟ. ಮತ್ತೆ ಹೊರಗಿಟ್ಟರು. ಕಮಿಟಿಯ ನೋಟಿಸ್ ಬಂತು, ಹರಿದೆಸೆದರು. ಕೂಟದಲ್ಲಿ ಚಪ್ಪಾಳೆ ತಟ್ಟಿದ್ದ ಪಾವನಾ ಒಂದು ಬೆಳಗ್ಗೆ ಬಿಂದಿಗೆ ಹೊತ್ತು ಇಳಿದು ಬಂದಳು. "ನಾಚಿಕೆ ಆಯ್ತು ಆಂಟಿ" ಎಂದು ಡ್ರಮ್ಮಿಗೆ ಸುರಿದಳು. ಅವಳನ್ನು ನೋಡಿ ಇನ್ನಷ್ಟು ಮನೆಯವರು ಬಂದರು. ಬೀಗ ಸದ್ದಿಲ್ಲದೆ ಮಾಯವಾಯಿತು.

ಅಲ್ಲಿಗೆ ಮುಗಿದಿದ್ದರೆ ಜ್ಯೋತಿಯೂ ಸುಮ್ಮನಾಗುತ್ತಿದ್ದರು. ಆದರೆ ನಲ್ಲಿಯ ಮೇಲೆ ಫಳಫಳಿಸುವ ಬೋರ್ಡು ಬಂತು: 'ನಿವಾಸಿಗಳ ಸಂಘದ ಉಚಿತ ಸೇವೆ'. ಶಿವರಂಜನ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾ, "ಬೋರಮ್ಮ, ಕೈ ಮುಗಿದು ನಿಂತ್ಕೋ" ಎಂದರು. ಅವಳು ಕೊಡ ಕೆಳಗಿಟ್ಟು ಕೈ ಎತ್ತುವಷ್ಟರಲ್ಲಿ ಜ್ಯೋತಿ ಅಡ್ಡ ಬಂದರು.

"ಮುಗೀಬೇಡ. ನಿನ್ನ ನೀರನ್ನೇ ಕಿತ್ಕೊಂಡು ನಿನಗೇ ದಾನ ಮಾಡ್ತಿದಾರೆ."

ಮನೆಗೆ ಹೋಗಿ ಸ್ಕ್ರೂಡ್ರೈವರ್ ತಂದರು.

"ಮೇಡಂ, ಇದು ಜಾಸ್ತಿ ಆಯ್ತು!"

"ಹೌದು, ತುಂಬಾ ಜಾಸ್ತಿ ಆಯ್ತು" ಎನ್ನುತ್ತಲೇ ಜ್ಯೋತಿ ಒಂದೊಂದೇ ಸ್ಕ್ರೂ ಬಿಚ್ಚತೊಡಗಿದರು. ಬೋರ್ಡು ಒಂದು ಕಡೆಗೆ ವಾಲಿತು. ಬೋರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಈ ಮೂಲೆ ನಾನ್ ಹಿಡ್ಕತೀನಿ, ನೀವ್ ಬಿಚ್ಚಿ ಅವ್ವಾ."