ನೀಲಿ ಪರದೆಯೂ ಲಗ್ನಪತ್ರಿಕೆಯೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಂಪ್ಯೂಟರಿನ ವೈರು ಕಿತ್ತವನು ನಾನೇ. ಕರೆಂಟು ಹೋಯ್ತು ಅಂತ ಆಮೇಲೆ ಸುಳ್ಳು ಹೇಳಿದವನೂ ನಾನೇ.

ಎಂಟು ವರ್ಷ ಹಿಂದಿನ ಈ ಪಾಪ ಈಗ ಯಾಕೆ ನೆನಪಾಯಿತು ಅಂತೀರಾ? ಇವತ್ತು ಬೆಳಿಗ್ಗೆ ಮನೆಯ ಕಂಪ್ಯೂಟರು ಇದ್ದಕ್ಕಿದ್ದಂತೆ ಸತ್ತು, ಮತ್ತೆ ತಾನೇ ಎದ್ದಿತು. ಎದ್ದದ್ದೇ ನೀಲಿ ಪರದೆ ತೋರಿಸಿ, ಡಿಸ್ಕು ತಪಾಸಣೆ ಮಾಡುತ್ತೇನೆ, ಬೇಡದಿದ್ದರೆ ಯಾವುದಾದರೂ ಕೀಲಿ ಒತ್ತು ಎಂದಿತು. ನಾನು ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕಾಫಿ ತಂದ ಅಮ್ಮ ನೋಡಿ, "ಏನೋ, ಮಂಗಳಾರತಿಗೆ ಕಾಯೋನ ಥರ ಕೂತಿದೀಯ" ಅಂದಳು.

ಆಗ ನಾನು ಚಾಮರಾಜಪೇಟೆಯಲ್ಲಿ ಸುಮಿತ್ರಕ್ಕನ ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪು ಮಾಡುತ್ತಿದ್ದೆ. ಟೈಪು ಮಾಡುತ್ತಿದ್ದೆ ಅನ್ನುವುದು ಸಂಬಳದ ಮಾತು. ನಿಜವಾಗಿ ಮಾಡುತ್ತಿದ್ದದ್ದು ಬಂದವರನ್ನೆಲ್ಲ ಅಣಕಿಸುವ ಕೆಲಸ. ಗಿರಾಕಿ ಮೆಟ್ಟಿಲಿಳಿದು ತಿರುವು ದಾಟುವಷ್ಟರಲ್ಲಿ ಅಂಗಡಿಯೊಳಗೆ ಅವರ ಎರಡನೇ ಪ್ರತಿ ಓಡಾಡುತ್ತಿತ್ತು. ಸುಮಿತ್ರಕ್ಕ ಬೈಯುತ್ತಿದ್ದರು, ಸೆರಗು ಬಾಯಿಗಿಟ್ಟುಕೊಂಡು.

ಗಾಂಧಿ ಬಜಾರಿನಲ್ಲಿ ತರಕಾರಿ ವ್ಯಾಪಾರ ಮಾಡುವ ಮುನಿಯಪ್ಪನವರು ಮಗಳ ಲಗ್ನಪತ್ರಿಕೆ ತಂದರು. ವಧು, ವರ, ಮುಹೂರ್ತ ಹತ್ತು ನಿಮಿಷದಲ್ಲಿ ಮುಗಿಯಿತು. ಕೆಳಗಿನ "ಸುಖಾಗಮನ ಬಯಸುವವರು" ಅನ್ನುವ ಪಟ್ಟಿಗೆ ಮೂರು ವಾರ ಹಿಡಿಯಿತು. ನಿಮ್ಮ ಮನೆಯಲ್ಲೂ ಮದುವೆ ಆಗಿದ್ದರೆ ನಿಮಗೆ ಹೇಳಬೇಕಾಗಿಲ್ಲ. ದಿನಕ್ಕೊಬ್ಬ ನೆಂಟರು ಖುದ್ದಾಗಿ ಬಂದು, ನನ್ನ ಕುರ್ಚಿಯ ಹಿಂದೆ ನಿಂತು, ತಮ್ಮ ಹೆಸರು ಯಾರ ಮೇಲೆ, ಯಾರ ಕೆಳಗೆ ಅಂತ ಹೇಳಿಹೋಗುತ್ತಿದ್ದರು. ಉಪ್ಪಾರಪೇಟೆಯ ದೊಡ್ಡಪ್ಪ ಪ್ರತಿ ಮಾತಿಗೂ ಮುಂಚೆ ಕೆಮ್ಮುವವರು. ಸೋದರಮಾವ ಮೂಗಿನಲ್ಲಿ ಮಾತಾಡುವವರು. ಮುನಿಯಪ್ಪನವರ ಅಕ್ಕ ಪುಟ್ಟತಾಯಮ್ಮನವರು ಕುಂಟಿಕೊಂಡು ಬಂದು ಮೂರೇ ಮಾತಾಡಿ ಹೋದರು. ಅವರ ಕೊನೇ ತಮ್ಮ ಕೃಷ್ಣಪ್ಪನವರಿಗೂ ಮುನಿಯಪ್ಪನವರಿಗೂ ಐದು ವರ್ಷದಿಂದ ಮಾತಿಲ್ಲ. ಪತ್ರಿಕೆಯಲ್ಲಿ ಹೆಸರು ಸರಿಯಾದ ಜಾಗದಲ್ಲಿದ್ದರೆ ಕೃಷ್ಣಪ್ಪ ಮದುವೆಗೆ ಬರುತ್ತಾರೆ, ಇಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ. ಅಕ್ಕ ಮುನಿಯಪ್ಪನವರ ಕೈಕಾಲು ಹಿಡಿದು ಆ ಹೆಸರಿಗೆ ಒಪ್ಪಿಸಿದ್ದರು.

ಪಟ್ಟಿ ಮುಗಿದ ದಿನ ಮುನಿಯಪ್ಪನವರು ಹಳೇ ಕಾಗದಗಳನ್ನೆಲ್ಲ ಇಸ್ಕೊಂಡು ನನ್ನೆದುರೇ ಹರಿದುಹಾಕಿದರು. ಹೊಡೆದುಹಾಕಿದ ಹೆಸರು ಯಾರ ಕಣ್ಣಿಗಾದರೂ ಬಿದ್ದರೆ ಹೊಸ ಜಗಳವಂತೆ. ಇನ್ನು ಪಟ್ಟಿ ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ಸಂಜೆ ಐದಕ್ಕೆ ಬಳೇಪೇಟೆಯ ಪ್ರೆಸ್ಸಿಗೆ ಫ್ಲಾಪಿ ಹೋಗಬೇಕಿತ್ತು.

ಸುಮಿತ್ರಕ್ಕ ಊಟಕ್ಕೆ ಹೋಗಿದ್ದರು. ಸೇವ್ ಒತ್ತಿದೆ. ಡಿಸ್ಕಿನ ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು. ಆ ಖುಷಿಗೆ ಎದ್ದು, ಪುಟ್ಟತಾಯಮ್ಮನವರ ನಡಿಗೆ ನಡೆದೆ. ಮೂರನೇ ಹೆಜ್ಜೆಗೆ ವೈರು ಕಾಲಿಗೆ ಸಿಕ್ಕಿತು.

ಮತ್ತೆ ಹಾಕಿದಾಗ ನೀಲಿ ಪರದೆ ಬಂತು. ಸರಿಯಾಗಿ ಮುಚ್ಚದೆ ಹೋದೆ, ಎಲ್ಲಿ ಏನು ಕೆಟ್ಟಿದೆ ನೋಡುತ್ತೇನೆ ಅಂತ ಹೆಡ್‌ಮಾಸ್ಟರ ಧಾಟಿಯಲ್ಲಿ ಶುರುಮಾಡಿತು. ಹಳದಿ ಪಟ್ಟಿ ಬಸವನಹುಳುವಿನ ಹಾಗೆ ತೆವಳಿತು. ನನಗೆಲ್ಲಿ ತಾಳ್ಮೆ? ಕೀಲಿ ಒತ್ತಿ, ತಪಾಸಣೆ ಹಾರಿಸಿ ಒಳಗೆ ಹೋದೆ. ಕಡತದ ಹೆಸರಿತ್ತು, ಒಳಗೆ ಏನೂ ಇರಲಿಲ್ಲ.

ಬಂದ ಸುಮಿತ್ರಕ್ಕನಿಗೆ ಕರೆಂಟಿನ ಕತೆ ಹೇಳಿದೆ. "ನಾನು ಊಟ ಮುಗ್ಸಿ ಪಕ್ಕದ ಜೆರಾಕ್ಸ್ ಅಂಗಡೀಲೇ ನಿಂತಿದ್ನಲ್ಲೋ, ಅವರ ಮೆಷಿನ್ ಓಡ್ತಾನೇ ಇತ್ತು" ಅಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ಮತ್ತೆ ತಪಾಸಣೆ ಹಾಕಿದರು. ಈ ಸಲ ಕೈಕಟ್ಟಿ ಕಾದೆವು. ಚೂರುಪಾರು ಸಿಕ್ಕಿದೆ, ಬೇರೆ ಕಡತದಲ್ಲಿ ಇಟ್ಟಿದ್ದೇನೆ ಎಂದಿತು ಯಂತ್ರ. ತೆಗೆದರೆ ಇಂಗ್ಲಿಷ್ ಅಕ್ಷರಗಳು, ಚುಕ್ಕೆಗಳು, ಕೊಂಡಿಗಳು. ಸುಮಿತ್ರಕ್ಕ ಎಲ್ಲವನ್ನೂ ಆರಿಸಿ ನಮ್ಮ ಕನ್ನಡ ಫಾಂಟು ಕೊಟ್ಟರು. ಕಸದಂತಿದ್ದದ್ದು ನೆಂಟರಾಗಿ ಎದ್ದು ನಿಂತಿತು. ಆದರೆ ಎಂಟನೇ ಹೆಸರಿನಿಂದ ಕೆಳಕ್ಕೆ. ಮೇಲಿನ ಏಳು, ಅಂದರೆ ಜಗಳದ ಅಷ್ಟೂ ಹೆಸರು, ನಾಪತ್ತೆ.

ಮುನಿಯಪ್ಪನವರನ್ನು ಕೇಳುವ ಹಾಗಿಲ್ಲ. ಕೇಳಿದರೆ ಮತ್ತೆ ಪಂಚಾಯ್ತಿ, ಮತ್ತೆ ಮೂರು ವಾರ, ಈ ಸಲ ಕೃಷ್ಣಪ್ಪನವರ ಹೆಸರು ಉಳಿಯುತ್ತದೆಂಬ ಖಾತ್ರಿಯಿಲ್ಲ. ಸುಮಿತ್ರಕ್ಕ ನನ್ನನ್ನು ದಿಟ್ಟಿಸಿ, "ಎಲ್ಲಾರನ್ನೂ ಅಣಕಿಸ್ತೀಯಲ್ಲ, ಈಗ ಅಣಕಿಸು. ನಾನು ಟೈಪ್ ಮಾಡ್ತೀನಿ" ಅಂದರು.

ನನಗೆ ಹೆಸರು ನೆನಪಿರುವುದಿಲ್ಲ, ದನಿ ಇರುತ್ತದೆ. ಕೆಮ್ಮಿದೆ, ದೊಡ್ಡಪ್ಪ ಮೊದಲನೇ ಸಾಲಿಗೆ ಬಂದರು. ಮೂಗು ಹಿಡಿದೆ, ಸೋದರಮಾವ ಬಂದರು, ತಮಗಿಂತ ಮೇಲೆ ಯಾರಿರಬೇಕೆಂದೂ ಹೇಳಿದರು. ಹೀಗೇ ಆರಾಯಿತು. ಎರಡನೇ ಸಾಲು ಮಾತ್ರ ಖಾಲಿ. ಪುಟ್ಟತಾಯಮ್ಮನವರ ದನಿ ನಡಿಗೆಯಿಲ್ಲದೆ ಬರುವುದಿಲ್ಲ ನನಗೆ. ಎದ್ದು ಕುಂಟುತ್ತ ನಡೆದೆ. "ದೊಡ್ಡಪ್ಪನ ಕೆಳಗೆ ನಮ್ಮ ಕೃಷ್ಣ. ಅವನು ಬರ್ಲಿ ಬಿಡ್ಲಿ, ಹೆಸರು ಅಲ್ಲಿರ್ಲಿ" ಅಂದೆ. ಸುಮಿತ್ರಕ್ಕನ ಬೆರಳು ನಿಂತಿತು. ತಿರುಗಿದರೆ, ಬಾಗಿಲಲ್ಲಿ ಪುಟ್ಟತಾಯಮ್ಮನವರೇ. ಅಚ್ಚಿಗೆ ಹೋಗುವ ಮುಂಚೆ ತಮ್ಮನ ಹೆಸರು ಕಣ್ಣಾರೆ ನೋಡಲು ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಕೃಷ್ಣಪ್ಪ ಮದುವೆಗೆ ಬಂದರು, ಅಣ್ಣನ ಪಕ್ಕದಲ್ಲೇ ನಿಂತು ನೆಂಟರನ್ನು ಊಟಕ್ಕೆ ಕರೆದರು. ನಾನೇ ನೋಡಿದ್ದೇನೆ, ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು.

ಇಲ್ಲಿ ನನ್ನ ಕಂಪ್ಯೂಟರು ನೂರಕ್ಕೆ ನೂರು ಮುಟ್ಟಿದೆ. ಕಾಫಿ ಆರಿದೆ, ನಾನು ಒಂದು ಕೀಲಿಯನ್ನೂ ಒತ್ತಿಲ್ಲ. ಕೊನೆಗೆ ಅದು ತಪ್ಪುಗಳ ಲೆಕ್ಕ ಒಪ್ಪಿಸುವಾಗ ನನಗೆ ಪುಟ್ಟತಾಯಮ್ಮನವರ ದನಿಯೇ ಕೇಳುತ್ತದೆ. ಅವತ್ತು ಅವರು ಒಳಗೆ ಬಂದು, ನನ್ನನ್ನು ಮೊದಲಿಂದ ಇನ್ನೊಮ್ಮೆ ನಡೆಸಿ, ಏಳೂ ಹೆಸರು ಕಣ್ಣುಮುಚ್ಚಿ ಕೇಳಿ, ಕಣ್ಣು ತೆರೆದು ಹೇಳಿದ್ದು ಇಷ್ಟೇ:

"ಕುಂಟೋದು ಎಡಗಾಲು ಕಣೋ, ಬಲಗಾಲಲ್ಲ. ಮಿಕ್ಕಿದ್ದೆಲ್ಲ ಸರಿಯಾಗಿದೆ, ಅಚ್ಚು ಹಾಕ್ಸು."