ದೋಣಿ ಹತ್ತುವ ಮೊದಲು ಅಮ್ಮ ಕೇಳಿದ್ದು

ಹಿಮಾಚಲದ ಜಲಾಶಯವೊಂದರಲ್ಲಿ ಮಹಸೀರ್ ಮೀನು ಹಿಡಿಯೋಕೆ ಮನೆಮಂದಿಯೆಲ್ಲ ಹೋಗೋದು ಅಂತ ಜನಕಪುರಿಯ ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ರಜೆ ಹತ್ತಿರ ಬಂದುಬಿಟ್ಟಿತ್ತು. ದಡದಲ್ಲಿ ರೂಮು ಉಳಿದಿದ್ದು ಒಂದೇ ಗೆಸ್ಟ್‌ಹೌಸಿನಲ್ಲಿ. ಅದರ ಯಜಮಾನನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಮಾತೆಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಅಮ್ಮ ಮುಂದೆ ಬಾಗಿದಳು. ಮೈಸೂರಿಂದ ಈಚೆಗೆ ಬಂದವಳು, ಹಿಂದಿ ಇನ್ನೂ ಅರೆಬರೆ. ಕಾವೇರಿಯಲ್ಲಿ ತನ್ನ ತಮ್ಮನ ತೆಪ್ಪ ಗಾಳಿಗೆ ಮಗುಚಿದ್ದನ್ನು ಕಣ್ಣಾರೆ ಕಂಡವಳು.

"ಭಯ್ಯಾ, ವಹಾಂ ಬಹುತ್ ಗಾಳಿ ಹೈ ಕ್ಯಾ?"

ಆ ಕಡೆಯಿಂದ ಯಜಮಾನ ಬಿಗಿಯಾಗಿ ಹೇಳಿದ: "ಮಾತಾಜಿ, ಯಹಾಂ ಕೋಯಿ ಗಾಲಿ ನಹೀಂ ದೇತಾ."

ನಮ್ಮ ಗಾಳಿ ಆತನ ಕಿವಿಗೆ ಹಿಂದಿಯ ಗಾಲಿ, ಅಂದರೆ ಬೈಗುಳವಾಗಿ ಬಿದ್ದಿತ್ತು. ನಾನು ಬಾಯಿ ಹಾಕುವ ಮೊದಲೇ ಅಮ್ಮ, "ಸಚ್ ಬೋಲೋ! ಮೇರಾ ಪೋತಿ ಸಾಥ್ ಮೇ ಆತಾ ಹೈ" ಎಂದು ಮೊಮ್ಮಗಳನ್ನು ಮುಂದಿಟ್ಟು ಗದರಿದಳು.

ಆತನ ದನಿ ಏರಿತು. ಮರ್ಯಾದಸ್ಥರು ಬರುವ ಜಾಗವಂತೆ, ಇಂಥ ಮಾತು ಹಬ್ಬಿಸಿದವರು ಯಾರಂತೆ, ನಮ್ಮ ಬುಕಿಂಗೇ ಬೇಡವಂತೆ. ಫೋನ್ ಇಡುವುದೊಂದೇ ಬಾಕಿ.

ಮಗಳು ಫೋನ್ ಕಿತ್ತುಕೊಂಡಳು. "ಅಂಕಲ್, ದಾದಿ ಕೀ ಗಾಳಿ ಮತ್‌ಲಬ್ ಹವಾ! ಹವಾ!"

"ಅಚ್ಛಾ, ಹವಾ!" ಆತ ಉಸಿರು ಬಿಟ್ಟು ನಕ್ಕ. ಮಧ್ಯಾಹ್ನದ ಮೇಲೆ ಹವಾ ಜೋರು, ಬೆಳಿಗ್ಗೆ ಮಾತ್ರ ನೀರಿಗಿಳಿಯಬೇಕು ಎಂದ. ಆಮೇಲೂ ದೋಣಿ ಬೇಕೆಂದು ಹಟ ಹಿಡಿದರೆ ತಮ್ಮ ದೋಣಿಯವನು ಗಾಲಿಯನ್ನೇ ಕೊಡ್ತಾನೆ ಅಂತಲೂ ಸೇರಿಸಿದ.

ಅಮ್ಮ ನನ್ನ ಕಡೆ ತಿರುಗಿದಳು.

"ನೋಡಿದ್ಯಾ? ಗಾಳಿ ಇದೆಯಂತೆ."