ಕಾಜಾಳ ವಯಸ್ಸು ಐದು ಎಂದು ಬರೆದದ್ದು ನಾನೇ

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ, ಎರಡು ಸೈಕಲ್ ನಿಲ್ಲಿಸಬಹುದಾದಷ್ಟು ಜಾಗದಲ್ಲಿ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಲ್ಲಿ ತೂಗುವ ಪ್ಯಾಂಟುಗಳು. ಅದು ಗುಂಡಿಯಕ್ಕನ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುತ್ತಾಳೆ, ಬಿಗಿಯಾದದ್ದನ್ನು ಸಡಿಲ ಮಾಡುತ್ತಾಳೆ, ಕೆಟ್ಟ ಜಿಪ್ ಬದಲಿಸುತ್ತಾಳೆ. ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ದುಡಿದವಳು. ಅಷ್ಟೂ ವರ್ಷ ಅವಳ ಕೈಗೆ ಬಂದದ್ದು ಗುಂಡಿಯೊಂದೇ. "ಅಂಗಿ ಎಲ್ಲಿಂದ ಶುರುವಾಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ, ಮುಗಿಯೋದು ಮಾತ್ರ ಗೊತ್ತಿತ್ತು" ಎನ್ನುತ್ತಾಳೆ. ಕಾರ್ಖಾನೆ ಮುಚ್ಚಿದ ಮೇಲೆ ಗಂಡನ ಹಳೇ ಅಂಗಿಗಳನ್ನು ಬಿಚ್ಚಿ, ಮತ್ತೆ ಹೊಲಿದು, ಉಳಿದದ್ದನ್ನು ತಾನೇ ಕಲಿತಳು. ಗಂಡ ಈಗ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸದಲ್ಲಿದ್ದಾನೆ. ಅವಳಿಗೆ ನಲವತ್ತೊಂದಾದಾಗ ಹುಟ್ಟಿದ ಒಬ್ಬಳೇ ಮಗಳನ್ನು ಕಟ್ಟಡದವರೆಲ್ಲ ಕಾಜಾ ಎಂದು ಕರೆಯುತ್ತೇವೆ. ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಹೇಳುವ ಮಾತು ಅದು. ಅಮ್ಮ ಗುಂಡಿಯಾದ ಮೇಲೆ ಮಗಳು ಇನ್ನೇನಾದಾಳು?

ಕಾಜಾ ಬೆಳಗಿನಿಂದ ಸಂಜೆಯವರೆಗೆ ಇರುವುದು ಯಂತ್ರದ ಮೇಜಿನ ಕೆಳಗೆ. ಹೋದ ವರ್ಷ ಅಲ್ಲಿಂದಲೇ ಕೈ ಚಾಚಿ ಇಸ್ತ್ರಿಪೆಟ್ಟಿಗೆಯ ವೈರು ಎಳೆದಳು. ಎಡಗೈ ಮೊಣಕೈವರೆಗೆ ಸುಟ್ಟಿತು. ಅಂದಿನಿಂದ ಇಸ್ತ್ರಿ ಕಾಯುವಾಗ ಅಮ್ಮ ಅವಳ ಫ್ರಾಕಿನ ಲಾಡಿಯನ್ನು ಮೇಜಿನ ಕಾಲಿಗೆ ಕಟ್ಟುತ್ತಾಳೆ. ಮೂರನೇ ಮಹಡಿಯವರೊಬ್ಬರು ನೋಡಿ, "ಅಯ್ಯೋ, ಮಗೂನ ಹೀಗಾ ಕಟ್ಟಿ ಹಾಕೋದು?" ಎಂದರು.

"ನೀವು ಎತ್ಕೊಂಡು ಕೂತ್ಕೊಳ್ಳಿ, ಈಗಲೇ ಬಿಚ್ತೀನಿ" ಎಂದಳು ಗುಂಡಿಯಕ್ಕ.

ಅವರು ತಮ್ಮ ಪ್ಯಾಂಟು ತೆಗೆದುಕೊಂಡು ಮೇಲೆ ಹೋದರು.

ಹಾಗಾಗಿ ಪಾಲಿಕೆಯ ಉಚಿತ ಶಿಶುವಿಹಾರದ ಅರ್ಜಿ ಕರೆದಾಗ ನಮ್ಮಿಬ್ಬರಿಗೂ ಅದು ಬೇಕಿತ್ತು, ಆದರೆ ಒಂದೇ ರೀತಿ ಬೇಕಿರಲಿಲ್ಲ. ನನಗೆ ನನ್ನ ಪುಟ್ಟಿ ನಾಲ್ಕು ಮಕ್ಕಳ ಜೊತೆ ಬೆರೆಯಬೇಕು ಎಂಬ ಆಸೆ. ಅವಳಿಗೆ ಮಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಇಸ್ತ್ರಿಪೆಟ್ಟಿಗೆಯಿಂದ ದೂರ ಇರಬೇಕಿತ್ತು.

ಅರ್ಜಿ ಆರು ಪುಟ. ಹನ್ನೆರಡು ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ವಿಳಾಸಕ್ಕೆ ಎರಡು ದಾಖಲೆ, ಜನನ ಪತ್ರ, ಲಸಿಕೆ ಕಾರ್ಡು. ನಾನು ಹದಿನೈದು ದಿನ ನಿದ್ದೆಗೆಟ್ಟೆ. ಯಾವ ಶಾಲೆ ಮೊದಲು ಬರೆದರೆ ಯಾವುದು ಕೈತಪ್ಪುತ್ತದೆ ಎಂದು ಹಾಳೆಗಟ್ಟಲೆ ಗೀಚಿದೆ. "ಮಗೂನ ಶಿಶುವಿಹಾರಕ್ಕೆ ಸೇರಿಸ್ತಿದೀಯೋ, ಚಂದ್ರನ ಮೇಲೆ ಕಳಿಸ್ತಿದೀಯೋ?" ಎಂದು ನಮ್ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಗುಂಡಿಯಕ್ಕನ ಅರ್ಜಿಯನ್ನೂ ನಾನೇ ತುಂಬಿದೆ. ಅವಳು ಯಂತ್ರ ತುಳಿಯುತ್ತಿದ್ದಳು, ನಾನು ಸ್ಟೂಲಿನ ಮೇಲೆ ಕೂತು ಒಂದೊಂದೇ ಕೇಳುತ್ತಿದ್ದೆ.

"ಅಕ್ಕ, ವಯಸ್ಸು?"

"ಐದು ಹಾಕು."

ಹಾಕಿದೆ. ಮುಂದಿನ ಸಾಲಿನಲ್ಲಿ ಜನನ ಪತ್ರ ನೋಡಿಕೊಂಡು ಹುಟ್ಟಿದ ತಾರೀಖು ಬರೆದೆ. ಆ ತಾರೀಖಿನ ಪ್ರಕಾರ ಕಾಜಾಳಿಗೆ ನಾಲ್ಕು ವರ್ಷ ತುಂಬಿ ಎರಡೇ ತಿಂಗಳಾಗಿತ್ತು. ಎರಡು ಸಾಲೂ ನನ್ನ ಕೈಬರಹವೇ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ನನ್ನ ಮಗಳ ಮೂರನೇ ಆಯ್ಕೆ.

ಪಟ್ಟಿ ಬಂತು. ಪುಟ್ಟಿಗೆ ಮೊದಲನೇ ಆಯ್ಕೆಯೇ ಸಿಕ್ಕಿತು. ಮನೆಯಿಂದ ನಾಲ್ಕು ನಿಮಿಷದ ನಡಿಗೆ. ಕಾಜಾಳ ಹೆಸರಿನ ಮುಂದೆ "ವಯೋಮಿತಿ ಮೀರಿದೆ, ತಿರಸ್ಕೃತ" ಎಂದಿತ್ತು. ಐದು ತುಂಬದ ಮಕ್ಕಳಿಗೆ ಮಾತ್ರ ಶಿಶುವಿಹಾರ.

"ಯಾಕಕ್ಕ ಐದು ಅಂದೆ?" ಎಂದು ಕೇಳಿದೆ. ದನಿ ಏರಿತ್ತು.

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಮಕ್ಕಳದು ಅಳತೆ ಕೇಳಿದ್ರೆ ಇವತ್ತಿಂದು ಯಾರು ಹೇಳ್ತಾರೆ? ಬೆಳೆಯೋ ಜೀವ. ಯಾವಾಗಲೂ ಸ್ವಲ್ಪ ಜಾಸ್ತಿನೇ ಬಿಡಬೇಕು. ಇವತ್ತಿನ ಅಳತೆಗೆ ಹೊಲಿದ್ರೆ ಹಾಕ್ಕೊಳ್ಳೋ ಹೊತ್ತಿಗೆ ಚಿಕ್ಕದಾಗಿರುತ್ತೆ."

ಇಪ್ಪತ್ತು ವರ್ಷದ ಕಸುಬು ಬಾಯಲ್ಲಿ ಹಾಗೆ ಬಂದುಬಿಟ್ಟಿತ್ತು. ಅವಳ ತಪ್ಪು ಅದು ಎನ್ನುವುದಾದರೆ, ಓದಿದವಳು ಎನ್ನಿಸಿಕೊಂಡ ನಾನು ಎರಡು ಸಾಲು ತಾಳೆ ನೋಡದೆ ಬರೆದದ್ದಕ್ಕೆ ಏನೆನ್ನಬೇಕು?

ಮಾರನೇ ದಿನ ಮೂವರೂ ಪಾಲಿಕೆ ಕಚೇರಿಗೆ ಹೋದೆವು. ಟೋಕನ್ ತೆಗೆದುಕೊಂಡು ಒಂದೂವರೆ ಗಂಟೆ ಕಾದ ಮೇಲೆ ಗಾಜಿನ ಕಿಟಕಿಯ ಗುಮಾಸ್ತ ಅರ್ಜಿ ಹುಡುಕಿ ತೆಗೆದ.

"ಐದು ಅಂತ ಬರೆದಿದೆ. ಐದಾದವರಿಗೆ ಇಲ್ಲ."

"ಕೆಳಗಿನ ಸಾಲಲ್ಲಿ ಹುಟ್ಟಿದ ತಾರೀಖು ಇದೆ ಸಾರ್. ಲೆಕ್ಕ ಹಾಕಿ ನೋಡಿ" ಎಂದೆ.

"ಲೆಕ್ಕ ಹಾಕೋದು ನನ್ನ ಕೆಲಸ ಅಲ್ಲ. ಪಟ್ಟಿ ಹಾಕೋ ಮುಂಚೆ ತಿದ್ದುಪಡಿಗೆ ಮೂರು ದಿನ ಕೊಟ್ಟಿದ್ವಿ. ಮುಗೀತು."

"ಎಲ್ಲಿ ಹೇಳಿದ್ರಿ?"

ಹೆಬ್ಬೆರಳಿನಲ್ಲಿ ಹಿಂದೆ ತೋರಿಸಿದ. ಅವನ ಬೆನ್ನ ಹಿಂದೆ, ಕಿಟಕಿಯ ಒಳಗಡೆ, ಕಪಾಟಿನ ಪಕ್ಕ ಒಂದು ಚೀಟಿ ಅಂಟಿಸಿತ್ತು. ಓದಬೇಕಾದವರೆಲ್ಲ ಕಿಟಕಿಯ ಈಚೆ.

"ಮಗು ಇಲ್ಲೇ ನಿಂತಿದೆ. ಇದು ಐದು ವರ್ಷದ ಮಗುವಾ?"

"ಮಗು ನೋಡಿ ಸೀಟು ಕೊಡಲ್ಲಮ್ಮ. ಫಾರಂ ನೋಡಿ ಕೊಡ್ತೀವಿ."

ನನಗೆ ಆಮೇಲೆ ಏನು ಅಂದೆನೋ ಪೂರ್ತಿ ನೆನಪಿಲ್ಲ. ಕಿರುಚಿದ್ದು ನಿಜ. ನಿಮ್ಮ ಮನೆ ಮಕ್ಕಳನ್ನು ಮೇಜಿಗೆ ಕಟ್ಟಿ ನೋಡಿ ಎಂದೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಗುಮಾಸ್ತ "ಊಟದ ಹೊತ್ತು" ಎಂದು ಪರದೆ ಎಳೆದ. ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ಹೊರಗೆ ಬಂದ ಮೇಲೆ ಗುಂಡಿಯಕ್ಕ ಒಂದೇ ಮಾತು ಹೇಳಿದಳು. "ನಿನ್ನ ಮಗಳಿಗೆ ಸೀಟು ಸಿಕ್ಕಿದೆ ಕಣಮ್ಮ. ನಿನಗೆ ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತಿದೆ. ನಾಳೆಯಿಂದ ನಾನೊಬ್ಬಳೇ ಬರ್ತೀನಿ."

ಕೆನ್ನೆಗೆ ಹೊಡೆದಂತಾಯಿತು.

ಅವಳು ಹೇಳಿದಂತೆಯೇ ಹೋದಳು. ಪ್ರತಿದಿನ ಬೆಳಿಗ್ಗೆ ಅಂಗಡಿ ಮುಚ್ಚಿ, ಗಿರಾಕಿಗಳ ಬಟ್ಟೆ ಚೀಲಕ್ಕೆ ತುಂಬಿ, ಮಗಳನ್ನು ಕರೆದುಕೊಂಡು ಹೋಗಿ ಆ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತು ಕೈಹೊಲಿಗೆ ಹಾಕುತ್ತಿದ್ದಳು. ನಡೆದದ್ದನ್ನು ಸಂಜೆ ನನಗೆ ಹೇಳುತ್ತಿದ್ದಳು. ಎರಡನೇ ದಿನ ಗುಮಾಸ್ತ "ಇಲ್ಲಿ ಹೊಲಿಯೋ ಹಾಗಿಲ್ಲ" ಎಂದನಂತೆ.

"ಎಲ್ಲಿ ಬರೆದಿದೆ ತೋರಿಸಿ ಸಾರ್. ನಿಮಗೆ ಬರೆದಿದ್ದೇ ತಾನೇ ಮುಖ್ಯ?"

ಸಾಲಿನಲ್ಲಿದ್ದವರು ನಕ್ಕರಂತೆ. ನಾಲ್ಕನೇ ದಿನದ ಹೊತ್ತಿಗೆ ಕಾಯುವವರೇ ಅವಳ ಗಿರಾಕಿಗಳಾಗಿದ್ದರು. ಒಬ್ಬರ ಚೀಲದ ಪಟ್ಟಿ, ಇನ್ನೊಬ್ಬರ ಕಾಲರು. ಕಾಜಾ ಬೆಂಚಿನ ಕೆಳಗೆ ಕೂತು ಟೋಕನ್ ಚೀಟಿ ಹೆಕ್ಕುತ್ತಿದ್ದಳು.

ಎಂಟನೇ ದಿನ ಒಳಗಿನ ಕೋಣೆಯ ಮೇಲಧಿಕಾರಿ, ವಯಸ್ಸಾದ ಹೆಂಗಸು, ಹೊರಬಂದು "ಏನಿದು?" ಎಂದು ಕೇಳಿದರು. ಗುಂಡಿಯಕ್ಕ ಎದ್ದು ಹೇಳಿದಳು. ಆಕೆ ಅರ್ಜಿ ತರಿಸಿ, ಐದರ ಮೇಲೆ ಅಡ್ಡಗೀಟು ಎಳೆದು, ನಾಲ್ಕು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಎಲ್ಲ ಸೇರಿ ಅರ್ಧ ನಿಮಿಷವಂತೆ. ಅರ್ಧ ನಿಮಿಷದ ಗೀಟಿಗೆ ಎಂಟು ದಿನ.

ಅಷ್ಟರಲ್ಲಿ ನಾವು ಬರೆದಿದ್ದ ಹನ್ನೆರಡೂ ಶಾಲೆಗಳು ತುಂಬಿದ್ದವು. ಉಳಿದದ್ದು ಊರಿನ ಆ ತುದಿಯಲ್ಲಿ ಒಂದು ಸೀಟು. ಎರಡು ಬಸ್ಸು, ಒಂದೂಕಾಲು ಗಂಟೆ. ಗುಂಡಿಯಕ್ಕ ಹೂಂ ಎಂದಳು. ಈಗ ಆರೂವರೆಗೆ ನಿದ್ದೆಗಣ್ಣಿನ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಡುತ್ತಾಳೆ. ಬಿಟ್ಟು ಬಂದು ಅಂಗಡಿ ತೆಗೆಯುವಷ್ಟರಲ್ಲಿ ಹತ್ತಾಗುತ್ತದೆ. ಒಂದೂವರೆಗೆ ಮತ್ತೆ ಬಾಗಿಲು ಹಾಕಿ ಕರೆತರಲು ಹೊರಡಬೇಕು. "ನೀನು ಈಚೆಗೆ ಸಿಗೋದೇ ಇಲ್ಲಪ್ಪ" ಎನ್ನುತ್ತಾರೆ ಮೂರನೇ ಮಹಡಿಯವರು.

ನಾನು ಪಾಲಿಕೆಗೆ ದೂರು ಬರೆದೆ. ಒಳಗಡೆ ಅಂಟಿಸಿದ ಚೀಟಿ, ಲೆಕ್ಕ ಹಾಕದ ಗುಮಾಸ್ತ, ತಾಳೆ ನೋಡದ ನಾನು, ಒಂದನ್ನೂ ಬಿಡಲಿಲ್ಲ. ಹತ್ತಿರದ ಶಾಲೆಗೆ ಬದಲಿಸಿ ಎಂದು ಕೇಳಿದೆ. ತಿಂಗಳಾದ ಮೇಲೆ ಉತ್ತರ ಬಂತು. ಕೆಳಗೆ ಹೋಗಿ ಗುಂಡಿಯಕ್ಕನಿಗೆ ಓದಿ ಹೇಳಿದೆ: "ಸದರಿ ಮಗುವಿಗೆ ಸೀಟು ಹಂಚಿಕೆಯಾಗಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ."

ಅವಳು ಸೀಮೆಸುಣ್ಣದಲ್ಲಿ ಪ್ಯಾಂಟಿನ ಅಂಚಿಗೆ ಗುರುತು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಮುಗೀತಂತಾ? ನಾಳೆ ಆರೂವರೆಗೆ ಬಸ್‌ಸ್ಟಾಪಿಗೆ ಬರೋಕೆ ಹೇಳು. ಹೇಗೆ ಮುಗಿದಿದೆ ಅಂತ ಅವರೂ ನೋಡಲಿ."

ಮೇಲೆ ಬಂದು ಎರಡನೇ ಪತ್ರ ಬರೆದೆ. ಬಸ್ಸಿನ ನಂಬರು, ಸ್ಟಾಪಿನ ಹೆಸರು, ಹೊರಡುವ ಹೊತ್ತು, ಎಲ್ಲ ಹಾಕಿದ್ದೇನೆ. ಈ ಸಲ ಪ್ರತಿಯೊಂದು ಸಾಲನ್ನೂ ತಾಳೆ ನೋಡಿದ್ದೇನೆ.